ಗೃಹವಿದ್ಯುನ್ಮಾಪನ ಮೀಮಾಂಸೆ: ಒಂದು ತಾತ್ತ್ವಿಕ ವಿವೇಚನೆ

ಮನೆಯ ಉಪಕರಣಗಳು ಎಳೆಯುವ ಕರೆಂಟಿಗೆ ಲೆಕ್ಕವಿಟ್ಟು ದುಡ್ಡು ಉಳಿಸುವ ಕ್ರಿಯೆಗೆ ಗೃಹವಿದ್ಯುನ್ಮಾಪನವೆಂದು ಹೆಸರು. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಇಷ್ಟು ಹೇಳಿದರೆ ವಿಷಯ ಮುಗಿಯಿತು. ಮುಗಿದ ವಿಷಯಕ್ಕೆ ಯಾರೂ ವಿಚಾರಸಂಕಿರಣ ಏರ್ಪಡಿಸುವುದಿಲ್ಲವಾದ್ದರಿಂದ, ಉಪಕರಣಗಳನ್ನು ಅವುಗಳ ಉಪಭೋಗಪ್ರವೃತ್ತಿಯ ನೆಲೆಯಲ್ಲಿ ಐದು ವರ್ಗಗಳಾಗಿ ವಿಂಗಡಿಸುವುದು ವಿದ್ವತ್ಸಂಪ್ರದಾಯ.

ಮೊದಲನೆಯದು ಪ್ರಚಂಡೋಷ್ಣ ವರ್ಗ. 2000 ವ್ಯಾಟಿನ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ನುಂಗುವುದು ಇದರ ಲಕ್ಷಣ. ಎರಡನೆಯದು ನಿರಂತರಭ್ರಮಣ ವರ್ಗ, ಅರ್ಥಾತ್ ಫ್ಯಾನು. ಹಳೆಯ ಫ್ಯಾನಿಗೆ ಸುಮಾರು 75 ವ್ಯಾಟ್, ಹೊಸ ಬಿಎಲ್‌ಡಿಸಿಗೆ 30ರ ಆಸುಪಾಸು. ಹಳೆಯ ಡಬ್ಬಿ ರೆಗ್ಯುಲೇಟರನ್ನು ಎರಡಕ್ಕೆ ತಿರುಗಿಸಿ ಬೀಗುವವರು ಆ ಡಬ್ಬಿಯನ್ನು ಮುಟ್ಟಿ ನೋಡಬೇಕು. ಉಳಿಯಿತೆಂದುಕೊಂಡದ್ದರಲ್ಲಿ ಒಂದು ಪಾಲು ಅಲ್ಲೇ ಬಿಸಿಯಾಗಿ ಕೂತಿರುತ್ತದೆ. ಮೂರನೆಯದು ಕಪಟನಿದ್ರಾ ವರ್ಗ. ರಿಮೋಟಿನಿಂದ ಆರಿಸಿದ ಸೆಟ್-ಟಾಪ್ ಬಾಕ್ಸ್ ಮಲಗಿದಂತೆ ನಟಿಸುತ್ತದೆ. ಹತ್ತೇ ವ್ಯಾಟ್ ಎಂದುಕೊಂಡರೂ ತಿಂಗಳಿಗೆ ಏಳು ಯೂನಿಟ್. ನಾಲ್ಕನೆಯದು ಸ್ವೇಚ್ಛಾವಿರಾಮಿ ವರ್ಗವಾದ ಫ್ರಿಜ್ಜು, ಐದನೆಯದು ಮಿಕ್ಸಿ. 750 ವ್ಯಾಟಿನ ಮಿಕ್ಸಿ ದಿನಕ್ಕೆ ಹತ್ತು ನಿಮಿಷ ಓಡಿದರೆ ತಿಂಗಳಿಗೆ ನಾಲ್ಕು ಯೂನಿಟ್ ಕೂಡ ಆಗದು. ಆದರೂ ಯಜಮಾನರ ಸಿಟ್ಟೆಲ್ಲ ಅದರ ಮೇಲೆಯೇ, ಏಕೆಂದರೆ ಅದು ಸದ್ದು ಮಾಡುತ್ತದೆ, ಅದರ ಮುಂದೆ ಹೆಂಡತಿ ನಿಂತಿರುತ್ತಾಳೆ. ಅರ್ಧ ಗಂಟೆ ಬಚ್ಚಲಲ್ಲಿದ್ದು ಬಂದವರೇ ಚಟ್ನಿಯ ಮೇಲೆ ಉಪನ್ಯಾಸ ಕೊಡುತ್ತಾರೆ. ಇದು ಯಾವ ವರ್ಗಕ್ಕೂ ಒಗ್ಗದು. ವರ್ಗೀಕರಣ ಇಲ್ಲಿಗೆ ಸಾಕು.

ಮಾಪನದ ವಿಧಾನ ಸುಲಭ. ಮೀಟರಿನ ಮೇಲೆ 3200 ಎಂದು ಅಚ್ಚಾಗಿದ್ದರೆ, ಅದರ ಕೆಂಪು ದೀಪ ಅಷ್ಟು ಸಲ ಮಿಣುಕಿದಾಗ ಒಂದು ಯೂನಿಟ್. ಉಳಿದದ್ದನ್ನೆಲ್ಲ ಆರಿಸಿ ಫ್ರಿಜ್ಜೊಂದನ್ನೇ ಬಿಡಬೇಕು. ಕಂಪ್ರೆಸರ್ ಓಡುವಾಗ ನಿಮಿಷಕ್ಕೆ ಎಂಟು ಮಿಣುಕು ಕಂಡರೆ 150 ವ್ಯಾಟ್ ಎಂದರ್ಥ. ಇದನ್ನು ಇಪ್ಪತ್ತನಾಲ್ಕು ಗಂಟೆಯಿಂದ ಗುಣಿಸುವುದು ಪಂಡಿತರ ಸಾಮಾನ್ಯ ತಪ್ಪು. ಕಂಪ್ರೆಸರ್ ನಡುನಡುವೆ ನಿಲ್ಲುತ್ತದೆ.

ಫಲವಿಚಾರ. ಮನೆಗೆ ಬೀಗ ಹಾಕಿ ತಿಂಗಳು ಪೂರ್ತಿ ಊರಲ್ಲಿದ್ದರೂ ಸಾಮಾನ್ಯವಾಗಿ ನಿಗದಿತ ಶುಲ್ಕ ತಪ್ಪದು. ಕರ್ನಾಟಕದಲ್ಲಿ 2023ರ ಜುಲೈಯಿಂದ ಗೃಹಜ್ಯೋತಿ ಯೋಜನೆ ಬಂತು: ತಿಂಗಳಿಗೆ 200 ಯೂನಿಟ್ ಮೀರದಂತೆ, 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅಷ್ಟು ಉಚಿತ. ಆ ವರ್ಷ 170 ಯೂನಿಟ್ ಉರಿಸಿದವರಿಗೆ 187 ಪುಕ್ಕಟೆ. ಮಿಣುಕೆಣಿಸಿ, ಪ್ಲಗ್ ಕಿತ್ತು 40ರಲ್ಲಿ ಸಂಸಾರ ತೂಗಿಸಿದವರಿಗೆ 44. ಧಾರಾಳಿಗೆ ಬಹುಮಾನ, ಜಿಪುಣನಿಗೆ ಚೊಂಬು! ಇಷ್ಟು ವರ್ಷ ಉಳಿಸಿ ಉಳಿಸಿ ಎಂದು ಬಿಲ್ಲಿನ ಹಿಂಬದಿಯಲ್ಲಿ ಉಪದೇಶ ಅಚ್ಚು ಹಾಕಿಸಿದವರಾದರೂ ಈ ಲೆಕ್ಕ ಹಾಕುವಾಗ ಒಮ್ಮೆ ಆ ಕಡೆ ತಿರುಗಿಸಿ ಓದಬಾರದಿತ್ತೆ? 2024ರ ಜನವರಿಯಲ್ಲಿ, 48 ಯೂನಿಟ್‌ಗಿಂತ ಕಡಿಮೆ ಸರಾಸರಿಯವರಿಗೆ ಶೇ. 10ರ ಬದಲು 10 ಯೂನಿಟ್ ಎಂದು ತಿದ್ದಲಾಯಿತು. ನಲವತ್ತರ ಮನೆಗೆ ಆರು ಯೂನಿಟ್ ಹೆಚ್ಚು ದಕ್ಕಿತು. 200 ದಾಟಿದರೆ ಮಾತ್ರ ಪೂರ್ತಿ ಬಿಲ್ಲು. ಹೀಗಾಗಿ ತಿಂಗಳ ಕೊನೆಯಲ್ಲಿ ಮೀಟರ್ ನೋಡುವ ಹೊಸ ಭಕ್ತಾದಿಗಳು ಹುಟ್ಟಿಕೊಂಡಿದ್ದಾರೆ.

ಈ ಶಾಸ್ತ್ರದ ಕಟ್ಟಾ ಸಾಧಕರು ಮಾತ್ರ ಬೇರೆಯೇ. ವಠಾರಗಳಲ್ಲಿ ನಾಲ್ಕೈದು ಮನೆಗೆ ಒಂದೇ ಆರ್‌ಆರ್ ನಂಬರಿನ ಸಂಪರ್ಕ, ಒಳಗೆ ಒಂದೊಂದು ಸಬ್‌ಮೀಟರ್. ಎಲ್ಲರದೂ ಕೂಡಿ 200 ದಾಟುವುದರಿಂದ ಒಬ್ಬರಿಗೂ ಸೊನ್ನೆ ಬಿಲ್ಲಿಲ್ಲ. ಮನೆಗೆಲಸ ಮುಗಿಸಿ ಬಂದ ಹೆಂಗಸು ಕ್ಯಾಲೆಂಡರಿನ ಚೌಕದಲ್ಲಿ ರೀಡಿಂಗ್ ಬರೆದಿಡುತ್ತಾಳೆ, ಮಕ್ಕಳ ಪರೀಕ್ಷೆ ಇದ್ದರೂ ಒಂದೇ ದೀಪ ಹಾಕುತ್ತಾಳೆ. ಅವಳಷ್ಟು ಕರಾರುವಾಕ್ಕಾಗಿ ಲೆಕ್ಕವಿಟ್ಟ ಪಂಡಿತನಿಲ್ಲ. ಯೂನಿಟ್ಟಿಗೆ ಎಷ್ಟೆಂದು ತೀರ್ಮಾನಿಸುವವರು ಮನೆ ಓನರು. ರಸೀದಿ ಕೇಳಿದರೆ, ಬೇರೆ ಮನೆ ನೋಡ್ಕೊಳ್ಳಮ್ಮ ಎನ್ನುತ್ತಾರೆ.