ಯಲಹಂಕಕ್ಕೆ ಬಂದ ಮಲ್ಪೆಯ ಭಾವ

ಮಲ್ಪೆಯ ಭಾವ ಯಲಹಂಕಕ್ಕೆ ಬಂದರೆ ಎಲ್ಲಿಗೆ ಕರೆದೊಯ್ಯುವುದು? ಉತ್ತರ ಬೆಂಗಳೂರಿನ ಗೃಹಸ್ಥನ ಬೆವರಿಳಿಸುವ ಪ್ರಶ್ನೆಯಿದು. "ನೀರಿರುವ ಕಡೆ ಹೋಗುವ ಮಾರಾಯ್ರೆ" ಎನ್ನುವವರಿಗೆ ಹೆಬ್ಬಾಳ ಕೆರೆ ತೋರಿಸಿದರೆ, "ಆಚೆ ದಡ ಕಾಣ್ತದಲ್ಲ!" ಎಂಬ ನಿಟ್ಟುಸಿರು. ಭೋರ್ಗರೆತಕ್ಕೇನೂ ಕೊರತೆಯಿಲ್ಲ, ಪಕ್ಕದ ಮೇಲ್ಸೇತುವೆ ಅದನ್ನು ಧಾರಾಳವಾಗಿ ಒದಗಿಸುತ್ತದೆ.

ಇದೇ ಹೆಬ್ಬಾಳದಲ್ಲಿ ಕ್ರಿ.ಶ. 750ರ ಸುಮಾರಿನ, ಗಂಗ ದೊರೆ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲಿದೆ. ಅದು ಸಿಕ್ಕಿದ್ದು 2018ರಲ್ಲಿ, ನೆಲ ಅಗೆಯುವಾಗ. ಬೆಂಗಳೂರಿನ ಅಗೆತದಿಂದ ಒಮ್ಮೆಯಾದರೂ ಲಾಭವಾಯಿತಲ್ಲ! ಭಾವ ಕಲ್ಲಿಗೆ ಕೈ ಮುಗಿದು, "ಊಟ ಎಷ್ಟು ಗಂಟೆಗೆ?" ಎಂದರು.

ಮರುದಿನ ನಂದಿಬೆಟ್ಟ. 1,478 ಮೀಟರ್ ಎತ್ತರದಲ್ಲಿ ಸೂರ್ಯೋದಯ ನೋಡಲು ನಡುರಾತ್ರಿಯಲ್ಲೇ ಎದ್ದ ಬಳಗಕ್ಕೆ ಕಂಡದ್ದು ಮಂಜು ಮತ್ತು ಮುಂದಿನ ಕಾರಿನ ಕೆಂಪು ದೀಪ.

ನಿಜವಾದ ಸಂಕಟ ಊಟದ್ದು. 1996ರಲ್ಲಿ ಆರಂಭವಾದ ಏರೋ ಇಂಡಿಯಾ ಪ್ರದರ್ಶನದ ಹೊತ್ತಿಗೆ ಯಲಹಂಕ ವಾಯುನೆಲೆಯ ಸುತ್ತ ಮಾಂಸಾಹಾರ ಮಾರಾಟ ನಿಷೇಧ. 2025ರಲ್ಲಿ ಅದರ ವ್ಯಾಪ್ತಿ 13 ಕಿಲೋಮೀಟರ್, ಅವಧಿ ಜನವರಿ 23ರಿಂದ ಫೆಬ್ರವರಿ 17. ಎಸೆದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ, ಹದ್ದು ವಿಮಾನಕ್ಕೆ ಡಿಕ್ಕಿ ಹೊಡೆದರೆ ಅಪಾಯ. ಕಾರಣ ಸರಿಯೇ. ಆದರೆ ಬಂಗುಡೆಯಿಲ್ಲದ ತಟ್ಟೆಯ ಮುಂದೆ ಕೂತ ಭಾವನಿಗೆ ಅದನ್ನು ವಿವರಿಸುವ ಧೈರ್ಯ ಯಾರಿಗಿದೆ?

ಕರಾವಳಿಯ ನೆಂಟರನ್ನು ಕರೆಯುವವರು ಏರೋ ಇಂಡಿಯಾ ನಡೆಯುವ ಬೆಸ ವರ್ಷದ ಫೆಬ್ರವರಿಯನ್ನು ದಯವಿಟ್ಟು ಬಿಟ್ಟುಬಿಡಿ.