ಮಂಚ ಸ್ವಲ್ಪ ಸರಿಸಿಕೊಳ್ಳಿ

ನಮ್ಮ ಕಡೆ ಮಾಸ್ತರಿಕೆಯಿಂದಲೋ ಬ್ಯಾಂಕಿನಿಂದಲೋ ನಿವೃತ್ತರಾದವರು ಗ್ರಾಚ್ಯುಟಿ ಕೈಗೆ ಬಿದ್ದ ಕೂಡಲೇ ಮಾಡುವ ಕೆಲಸ ಒಂದೇ, ಇದ್ದ ಮನೆಯ ತಲೆಯ ಮೇಲೆ ಇನ್ನೊಂದು ಮನೆ ಕಟ್ಟುವುದು. ಕುಮಟೆಯಲ್ಲಿ ಹಾಗೆ ಎದ್ದ ಮಹಡಿಗಳಿಗೆ ಲೆಕ್ಕವಿಲ್ಲ. ಹೊನ್ನಾವರದಲ್ಲಿ ಅಜ್ಜನ ಕಾಲದ ಹಂಚಿನ ಮನೆಗೆ ನಡುವೆ ಗೋಡೆ ಎಬ್ಬಿಸಿ, ಒಂದನ್ನು ಎರಡು ಮಾಡಿ, ಒಂದು ಕಡೆ ತಾವು, ಇನ್ನೊಂದು ಕಡೆ ಬಾಡಿಗೆಯವರು. ಭಟ್ಕಳದಲ್ಲಿ ಮನೆ ಇಲ್ಲಿ, ಮಾಲೀಕರು ದುಬೈಯಲ್ಲಿ, ಬೀಗದ ಕೈ ಭಾವನ ಹತ್ತಿರ. ಊರು ಯಾವುದಾದರೂ ನಂಬಿಕೆ ಮಾತ್ರ ಒಂದೇ: ಬಾಡಿಗೆ ಎಂದರೆ ಪೋಸ್ಟಾಫೀಸಿನ ಬಡ್ಡಿ. ತಿಂಗಳು ತುಂಬಿದರೆ ತಾನಾಗಿ ಬರುತ್ತದೆ, ನಾವು ಜಗಲಿಯಲ್ಲಿ ಕವಳ ಹಾಕಿಕೊಂಡು ಕೂತರಾಯಿತು.

ಇದೇ ಮಹಾಶಯರು ಅಡಿಕೆ ತೋಟದ ವಿಷಯ ಬಂದರೆ ಬೇರೆಯೇ ಮನುಷ್ಯರು. ಮೇ ಮುಗಿಯುವ ಮೊದಲೇ ಮೈಲುತುತ್ತು, ಸುಣ್ಣ ತಂದಿಟ್ಟು, ಕೊನೆಗಾರನ ಮನೆ ಬಾಗಿಲಿಗೆ ನಾಲ್ಕು ಸಲ ಹೋಗಿ, ಕೊಳೆರೋಗ ಬಾರದಂತೆ ಮೊದಲ ಮದ್ದು ಹೊಡೆಸುತ್ತಾರೆ. ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದೂ ಆಗಬೇಕು. ಬಾಡಿಗೆ ಮನೆಯ ಮಾಡಿಗೆ ಮಾತ್ರ ಮದ್ದು ಬೇಡವಂತೆ! ತೋಟದ ಮೇಲಿನ ಭಯಭಕ್ತಿಯಲ್ಲಿ ನಾಲ್ಕಾಣೆಯಷ್ಟನ್ನು ಮನೆಯ ಮೇಲೂ ಇಡಿ ಎಂದಷ್ಟೇ ನನ್ನ ತಕರಾರು.

ಜೂನ್ ಎರಡನೇ ವಾರದ ಒಂದು ಫೋನ್ ಸಂಭಾಷಣೆ ಕೇಳಿ.

"ಸರ್, ಮನೆ ಸೋರ್ತದೆ."

"ಎಲ್ಲಿ?"

"ಮಂಚದ ಮೇಲೇ ಸರ್."

"ಹೌದಾ? ಮಂಚ ಸ್ವಲ್ಪ ಸರಿಸಿಕೊಳ್ಳಿ."

ವಾರ ಬಿಟ್ಟು ಮತ್ತೆ ಫೋನು. ಈಗ ಸರಿಸಿದ ಜಾಗದಲ್ಲೂ ಸೋರ್ತದೆ. "ಈ ಮಳೆಯಲ್ಲಿ ಹಂಚಿನ ಮೇಲೆ ಯಾರು ಹತ್ತುತ್ತಾರೆ ಮಾರಾಯ್ರೆ, ಒಂದು ಹೊಳವಾಗಲಿ" ಎಂಬ ಉತ್ತರ ಸಿದ್ಧ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಊರಲ್ಲಿ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುವಾಗ, ಹೊಳವಾಗುವುದು ಚೌತಿಗೋ ನವರಾತ್ರಿಗೋ. ಹಂಚಿಗೆ ಕೈ ಹಾಕುವ ಕಾಲ ಏಪ್ರಿಲ್, ಮೇ. ಮಂಗ ಹಾರಿ ಸರಿದ ಹಂಚು, ತೆಂಗಿನಕಾಯಿ ಬಿದ್ದು ಒಡೆದ ಹಂಚು, ಒರಲೆ ಹಿಡಿದ ರೀಪು ಎಲ್ಲ ಆಗ ಹಗಲು ಬೆಳಕಿನಲ್ಲೇ ಕಾಣುತ್ತವೆ. ಒಳಗೆ ನಿಂತು ತಲೆಯೆತ್ತಿದರೆ ಸಾಕು, ಬಿಸಿಲೇ ಬೆರಳು ತೋರಿಸುತ್ತದೆ. ಹಳೆ ಹಂಚು ತೆಗೆದಾಗ ಹತ್ತಿಪ್ಪತ್ತು ಗಟ್ಟಿಯಾದವನ್ನು ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಅದೇ ಅಳತೆಯದು ಆಮೇಲೆ ಹುಡುಕಿದರೂ ಸಿಗುವುದಿಲ್ಲ.

ಸ್ಲ್ಯಾಬಿನವರು ನಗಬೇಡಿ. ನಿಮ್ಮ ತಾರಸಿಯ ನೀರು ಹೋಗುವ ತೂತಿನಲ್ಲಿ ಹಲಸಿನ ಎಲೆ ಸಿಕ್ಕಿಕೊಂಡರೆ ಅಲ್ಲೇ ಒಂದು ಪುಟ್ಟ ಶರಾವತಿ. ಅದಕ್ಕಿಂತ ದೊಡ್ಡ ಕಳ್ಳ ಉಪ್ಪುಗಾಳಿ. ಸಮುದ್ರದ ಉಪ್ಪು, ತೇವ ಸಿಮೆಂಟಿನೊಳಗೆ ಇಳಿದರೆ ಕಬ್ಬಿಣದ ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಅದು ಕಾಂಕ್ರೀಟನ್ನೇ ಹೊರಗೆ ನೂಕುತ್ತದೆ. ಕಿಟಕಿ ಮೇಲಿನ ಸಜ್ಜದ ಅಡಿ ಉದುರಿ ಸರಳು ಹಲ್ಲು ಕಿರಿಯುವುದು ಹೀಗೆ. ಅದಕ್ಕೆ ಪುಟ್ಟಿ ಮೆತ್ತಿ ಬಿಳಿ ಬಣ್ಣ ಬಳಿದು "ಹೊಸ ಮನೆ" ಎಂದು ಬಾಡಿಗೆಗೆ ಕೊಡುವವರುಂಟು. ಸಡಿಲಾದದ್ದನ್ನು ಕೆತ್ತಿ ತೆಗೆದು, ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ತುಕ್ಕುನಿರೋಧಕ ಬಳಿದ ಮೇಲೆಯೇ ಗಾರೆ. ಚಿರೇಕಲ್ಲಿನ ಗೋಡೆ ಕೆಳಗಿಂದ ತೇವ ಎಳೆಯುತ್ತಿದ್ದರೆ ದುಬಾರಿ ಪ್ಲಾಸ್ಟಿಕ್ ಪೇಂಟು ಹಚ್ಚಿಯೂ ಫಲವಿಲ್ಲ. ಆಷಾಢಕ್ಕೆ ಬೊಬ್ಬೆ ಎದ್ದು, ಶ್ರಾವಣಕ್ಕೆ ಬೂಷ್ಟು ಹಿಡಿಯುತ್ತದೆ.

ಭಟ್ಕಳದವರಿಗೆ ಕರೆಂಟಿನ ಮಾತೊಂದಿದೆ. 2022ರ ಆಗಸ್ಟ್ ಮೊದಲ ವಾರ ಪೇಟೆಗೆ ನೀರು ನುಗ್ಗಿದ್ದು ಯಾರೂ ಮರೆತಿಲ್ಲ. ತಗ್ಗಿನ ಮನೆಯಲ್ಲಿ ಪ್ಲಗ್ಗು, ಪಂಪಿನ ಸ್ವಿಚ್ಚು ಸೊಂಟಕ್ಕಿಂತ ಮೇಲಿರಲಿ. ಶಾಕ್ ಜೀವ ತೆಗೆಯುವ ಮೊದಲೇ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಕೂರಿಸಿ. ಗೇಟಿಗೆ ಹಾಕಿಸಿದ ಸ್ಟೀಲಿನ ನವಿಲಿಗಿಂತ ಅಗ್ಗ. ದುಬೈಯಿಂದ ವಿಡಿಯೋ ಕಾಲಿನಲ್ಲಿ ಮನೆ ನೋಡುವವರೇ, ಭಾವ ನಿಮಗೆ ತೋರಿಸುವುದು ಎದುರಿನ ಗೋಡೆ ಮಾತ್ರ.

ಇನ್ನು ಬಾಡಿಗೆದಾರರ ಪರೀಕ್ಷೆ. "ನೀವು ಯಾವ ಪೈಕಿ? ಮೀನು ತಿಂತೀರಾ?" ಎಂಬೆರಡೇ ಪ್ರಶ್ನೆ. ಕಡಲು ಕೂಗಳತೆಯಲ್ಲಿದೆ, ಗಾಳಿ ಬೀಸಿದರೆ ಬಂದರದ ಒಣಮೀನು ಪುಕ್ಕಟೆ ಮನೆಯೊಳಗೆ ಬಂದು ಕೂರುತ್ತದೆ, ಇವರು ಬಾಡಿಗೆದಾರರ ಬಂಗಡೆಗೆ ಹೆದರುತ್ತಾರೆ! ಕೇಳಬೇಕಾದ್ದು ಬೇರೆ: ಕೆಲಸ ಎಲ್ಲಿ, ಹಿಂದಿನ ಮನೆ ಯಾರದು, ಯಾಕೆ ಬಿಟ್ಟಿರಿ, ಗುರುತಿನ ಚೀಟಿಯ ಪ್ರತಿ ಕೊಡಿ. ಹಿಂದಿನ ಮಾಲೀಕರಿಗೆ ಒಂದು ಫೋನು ಮಾಡಿದರೆ ಜಾತಕ ನೋಡಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಹಳಬರಿಗೆ ಇನ್ನೊಂದು ಹೆದರಿಕೆ. 1974ರ ಭೂ ಸುಧಾರಣೆಯಲ್ಲಿ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಗದ್ದೆ ತಮ್ಮದಾಗಿಸಿಕೊಂಡದ್ದು ಈ ಜಿಲ್ಲೆಯ ಎಷ್ಟೋ ಒಡೆಯರ ಮನೆಗಳಲ್ಲಿ ಇನ್ನೂ ಆರದ ಮಾತು. "ಹನ್ನೆರಡು ವರ್ಷ ಇದ್ದರೆ ಮನೆ ಅವನದೇ ಆಗ್ತದಂತೆ" ಎಂದು ಪಿಸುಗುಟ್ಟುತ್ತಾರೆ. ಆಗುವುದಿಲ್ಲ ಸ್ವಾಮಿ. ನಿಮ್ಮ ಒಪ್ಪಿಗೆಯ ಮೇಲೆ, ಬಾಡಿಗೆ ಕೊಟ್ಟು ಇರುವವನಿಗೆ ಬರೀ ಕಾಲ ಕಳೆದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ಹನ್ನೊಂದು ತಿಂಗಳ ಕರಾರೂ ಆ ಭೂತ ಬಿಡಿಸುವ ತಾಯಿತವಲ್ಲ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ, ಆ ಖರ್ಚು ತಪ್ಪಿಸಲು ಹನ್ನೊಂದು. ಅದೇ ಕಾಯ್ದೆಯ 108ನೇ ಕಲಮನ್ನೂ ಓದಿಕೊಳ್ಳಿ. ಮಾಲೀಕ ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮಂಚ ಸರಿಸುವ ಸಲಹೆಯನ್ನು ಕಾಯ್ದೆಯಲ್ಲಿ ಎಲ್ಲೂ ಹೇಳಿಲ್ಲ. ಆದ್ದರಿಂದ ಮಾಡು, ಗೋಡೆ, ಪಂಪು ಯಾರ ಪಾಲಿಗೆ, ಬಲ್ಬು, ನಲ್ಲಿಯ ವಾಷರು ಯಾರ ಪಾಲಿಗೆ ಎಂಬುದನ್ನು ಕರಾರಿನಲ್ಲೇ ಬರೆದಿಡಿ.

ಬಿಡುವಾಗಿನ ಜಗಳ ಮಾತ್ರ ಎಲ್ಲೆಡೆ ಒಂದೇ ತರಹ. ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳದ್ದು ಮುರಿಯುತ್ತಾರೆ, ಬಣ್ಣ ಹೊಡೆಸುವುದಿಲ್ಲ, ಹೊಸಬರಿಗೆ ಹಳಬರ ಕ್ಯಾಲೆಂಡರಿನ ಮೊಳೆಯೇ ಸ್ವಾಗತ. ಒಳಬರುವ ದಿನವೇ ಇಬ್ಬರೂ ನಿಂತು ಪ್ರತಿ ಕೋಣೆಯ ಫೋಟೋ ತೆಗೆದಿಟ್ಟರೆ ಅರ್ಧ ಜಗಳ ಇಲ್ಲ. ಬೀಗದ ಕೈ ವಾಪಸು ಪಡೆಯುವಾಗ ಹೆಸ್ಕಾಂ ಬಿಲ್ಲನ್ನೂ ನೋಡಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಮೀಟರಿನ ಆರ್.ಆರ್. ನಂಬರಿಗೆ ಬಾಡಿಗೆದಾರರ ಆಧಾರ್ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸದೆ ಅವರು ಹೊರಟರೆ ಹೊಸಬರು ಅರ್ಜಿ ಹಾಕಲಾರದೆ ನಿಮ್ಮ ಜಗಲಿಗೇ ಬಂದು ಕೂರುತ್ತಾರೆ.

ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಮಾಲೀಕರು ಕವಳ ಉಗಿದು ಬಂದು ಕೇಳುವ ಪ್ರಶ್ನೆ: "ಅದೆಲ್ಲ ಸರಿ, ಈ ಸಲ ಬಾಡಿಗೆ ಐನೂರು ಏರಿಸಬಹುದಾ?" ಏರಿಸಿ, ಯಾರು ಬೇಡವೆಂದರು? ಆರು ಸಾವಿರದ ಮನೆಗೆ ಐನೂರು ಏರಿಸಿದರೆ ವರ್ಷಕ್ಕೆ ಆರು ಸಾವಿರ ಹೆಚ್ಚು ಬರುತ್ತದೆ. ಇದ್ದವರು ಬೇಸತ್ತು ಬಿಟ್ಟು ಮನೆ ಒಂದೇ ತಿಂಗಳು ಖಾಲಿ ಬಿದ್ದರೂ ಆ ಆರು ಸಾವಿರ ಹೋಯಿತು. ಅದೂ ಶಾಲೆ ಶುರುವಾಗಿ, ವರ್ಗಾವಣೆಯ ಕಾಲ ಮುಗಿದ ಮೇಲೆ ಬಿಟ್ಟರೋ, ಹೊಸಬರನ್ನು ಹುಡುಕುವ ಹೊತ್ತಿಗೆ ಎರಡನೇ ಮದ್ದಿನ ಕಾಲವೂ ದಾಟಿರುತ್ತದೆ.