ಎಂಬತ್ತೊಂಬತ್ತು!

ವಿಶ್ವವಿದ್ಯಾಲಯಕ್ಕೆ ಸಹಾಯಕ ಪ್ರಾಧ್ಯಾಪಕರು ಬೇಕೆಂಬ ಅಧಿಸೂಚನೆ ಹೊರಬಿದ್ದ ದಿನ ನಮ್ಮ ಅತಿಥಿ ಉಪನ್ಯಾಸಕರ ಕೋಣೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ. 57,700 ರೂಪಾಯಿ ಮೂಲವೇತನ ಎಲ್ಲರ ಕಣ್ಣಲ್ಲೂ ಕುಣಿಯುತ್ತಿರುತ್ತದೆ, ಬಾಯಲ್ಲಿ ಮಾತ್ರ ಹವಾಮಾನದ ಸುದ್ದಿ. ಆಮೇಲೆ ಒಬ್ಬೊಬ್ಬರೇ ‘ಮನೇಲಿ ಸ್ವಲ್ಪ ಕೆಲಸ ಇದೆ’ ಎಂದು ಎದ್ದುಹೋಗಿ, ಬ್ಯಾಂಕಿನ ಡಿ.ಡಿ. ಕೌಂಟರಿನ ಮುಂದೆ ಎಲ್ಲರೂ ಸಿಕ್ಕಿಬೀಳುತ್ತಾರೆ.

ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಬೇಕು. ತುಂಬಿದ್ದನ್ನು ಪ್ರಿಂಟ್ ತೆಗೆದು, ಸೆಟ್ ಮಾಡಿ, ಹಾಳೆಹಾಳೆಗೂ ಸ್ವಯಂ ದೃಢೀಕರಣದ ಸಹಿ ಜಡಿದು ಸ್ಪೀಡ್ ಪೋಸ್ಟಿಗೂ ಹಾಕಬೇಕು. ನಾನೇ ನಾನು ಎಂದು ಅಷ್ಟು ಸಲ ಬರೆದುಕೊಡುವಷ್ಟರಲ್ಲಿ ನನಗೇ ಅನುಮಾನ ಶುರುವಾಗುತ್ತದೆ. ಕೊನೆಯ ಸೆಟ್ಟಿನ ಸಹಿಗೂ ಮೊದಲನೆಯದಕ್ಕೂ ನೆಂಟಸ್ತಿಕೆಯೇ ಇರುವುದಿಲ್ಲ.

ಈ ಸಲ ಜೆರಾಕ್ಸ್ ಅಂಗಡಿಯಲ್ಲೇ ನನ್ನ ಸಂದರ್ಶನ ನಡೆದುಹೋಯಿತು. ವಿಶ್ವವಿದ್ಯಾಲಯದ ಗೇಟಿನೆದುರು ಅಂಗಡಿ ಇಟ್ಟವನಿಗೆ ಯುಜಿಸಿಯ 2018ರ ನಿಯಮಾವಳಿ ಕಂಠಪಾಠ. ಮೆಷಿನ್ನಿನ ಮುಚ್ಚಳ ಎತ್ತುತ್ತಲೇ ಕೇಳಿದ:

“ಡಿಗ್ರೀಲಿ ಎಷ್ಟು ಸಾರ್?”

“72 ಪರ್ಸೆಂಟ್.”

“13 ಮಾರ್ಕ್ಸ್. ಎಂ.ಎ.?”

“70.”

“23. ಪಿಎಚ್.ಡಿ.ಗೆ 30. ನೆಟ್ಟಾ, ಕೆ-ಸೆಟ್ಟಾ?”

“ಕೆ-ಸೆಟ್.”

“ಬರೀ 3.” ಲೊಚಗುಟ್ಟಿದ. ನೆಟ್ ಆಗಿದ್ದರೆ 5, ಜೆಆರ್‌ಎಫ್ ಇದ್ದರೆ 7 ಎಂದು ಹಿಂದೆ ನಿಂತಿದ್ದ ಹುಡುಗಿಗೆ ಕೇಳುವಂತೆ ಬೇರೆ ಹೇಳಿದ. ಅವಳು ಜೆಆರ್‌ಎಫ್ ಇರಬೇಕು, ವಿನಯದಿಂದ ನೆಲ ನೋಡಿದಳು.

“ಲೇಖನ?”

“11 ಇವೆ!” ಇಷ್ಟು ಹೊತ್ತಿಗೆ ನನ್ನ ದನಿಯೂ ಏರಿತ್ತು.

“5 ಸಾಕು ಬಿಡಿ. ಒಂದಕ್ಕೆ 2, ಹತ್ತರ ಮೇಲೆ ಕೊಡಲ್ಲ. ಮಿಕ್ಕಿದ್ದಕ್ಕೆ ಜೆರಾಕ್ಸ್ ದುಡ್ಡು ದಂಡ.”

ಕೊನೆಗೆ ಬ್ರಹ್ಮಾಸ್ತ್ರವೆಂಬಂತೆ ಸೇವಾ ಪ್ರಮಾಣಪತ್ರಗಳ ಕಟ್ಟನ್ನೇ ಕೌಂಟರಿನ ಮೇಲಿಟ್ಟೆ. ಆತ ಹೆಬ್ಬೆರಳಿಗೆ ಎಂಜಲು ಹಚ್ಚಿ ಮೇಲಿನ ಐದು ಹಾಳೆ ಎಣಿಸಿಕೊಂಡು, ಉಳಿದದ್ದನ್ನು ನನ್ನ ಕಡೆ ತಳ್ಳಿದ. “ವರ್ಷಕ್ಕೆ 2. ಇಲ್ಲೂ ಹತ್ತೇ ಸಾರ್. ಟೋಟಲ್ 89!” ಎಂದು ರಿಸಲ್ಟ್ ಘೋಷಿಸಿದ. ಹಿಂದಿದ್ದವರು ಕಂಗ್ರಾಟ್ಸ್ ಹೇಳಿದರು. ನಾನೂ ಥ್ಯಾಂಕ್ಸ್ ಹೇಳಿ ಕೈಕುಲುಕಿಬಿಟ್ಟೆ.

ಮನೆಗೆ ಬಂದು, ಆತ ವಾಪಸ್ ಕೊಟ್ಟ ಹಾಳೆಗಳನ್ನು ತಿರುವಿದೆ. ಬೇಸಿಗೆ ರಜೆ ಬಂದೊಡನೆ ಸಂಬಳ ನಿಂತ ವರ್ಷಗಳು. ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಫೋನ್ ಹಿಡಿದು ಕೂತ ವರ್ಷಗಳು. ಅವಕ್ಕೆಲ್ಲ ಅಂಕವಿಲ್ಲ. ಹೋಗಲಿ, ಅಂಕವಿರುವ 89 ಆದರೂ ಏನು? ಅದು ಸಂದರ್ಶನಕ್ಕೆ ಕರೆಯುವುದಕ್ಕಷ್ಟೇ. ಆಯ್ಕೆಯೇನಿದ್ದರೂ ಸಂದರ್ಶನದಲ್ಲೇ ಎಂದು ಅದೇ ನಿಯಮಾವಳಿ ಹೇಳುತ್ತದೆ. ಒಳಗೆ ಕೂತವರು ಸೊನ್ನೆಯಿಂದ ಶುರುಮಾಡುತ್ತಾರೆ.

ಹೊಸದಾಗಿ ಈ ಸಾಲಿಗೆ ಬಂದ ಕಿರಿಯ ಮಿತ್ರರಿಗೆ ಒಂದೇ ಮಾತು: ಐದು ವರ್ಷದೊಳಗೆ ಕೆಲಸ ಹಿಡಿಯಿರಿ. ಆರನೆಯ ವರ್ಷದಿಂದ ನೀವು ಮಾಡುವ ಪಾಠ ಬರೀ ಮಕ್ಕಳಿಗೆ ಉಪಯೋಗ.